ನಮ್ಮ ತಟ್ಟೆಯ ದಾಲ್, ಆಳಂದದ ರೈತ ಮತ್ತು ಮೊಜಾಂಬಿಕ್

ನಮ್ಮ ಧರ್ಮಪ್ರಾಂತ್ಯದ ಯಾವುದೇ ಧರ್ಮಕೇಂದ್ರದಲ್ಲಿ ಸಭಾಭವನವೋ ಶಾಲಾ ಕಟ್ಟಡವೋ ಏಳುತ್ತಿದ್ದರೆ ಅಲ್ಲಿ ದುಡಿಯುವವರ ಊರು ಯಾವುದೆಂದು ಒಮ್ಮೆ ಕೇಳಿ ನೋಡಿ. ಬಾಗಲಕೋಟೆ, ಕೊಪ್ಪಳ, ರಾಯಚೂರುಗಳ ಜೊತೆಗೆ ಕಲಬುರಗಿಯ ಹೆಸರೂ ಬರುತ್ತದೆ. ಕಲಬುರಗಿಯಲ್ಲಿ ಎಲ್ಲಿ ಎಂದು ಮುಂದುವರಿಸಿದರೆ ಆಳಂದ, ಅಫಜಲಪುರ, ಜೇವರ್ಗಿ ಎಂಬ ಉತ್ತರ ಸಿಗಬಹುದು. ಈ ಮೂರು ತಾಲೂಕುಗಳು ನಮಗೆ ಗೊತ್ತಿರುವುದು ಕೂಲಿಯವರ ಊರುಗಳೆಂದು ಮಾತ್ರ. ಆದರೆ ನಮ್ಮ ಮನೆಗಳಲ್ಲಿ ಮಧ್ಯಾಹ್ನ ಅನ್ನದ ಮೇಲೆ ಸುರಿಯುವ ದಾಲ್ ಕೂಡ ಅಲ್ಲಿಂದಲೇ ಬರುತ್ತದೆ. ಬೇಳೆ ಬೆಳೆಯುವವನು ಕಲ್ಲು ಹೊರಲು ಇಷ್ಟು ದೂರ ಏಕೆ ಬರಬೇಕು? ಈ ಪ್ರಶ್ನೆಯ ಬೆನ್ನು ಹಿಡಿದು ಹೋದರೆ ದಾರಿ ಕಲಬುರಗಿಯಲ್ಲಿ ನಿಲ್ಲುವುದಿಲ್ಲ. ಸಮುದ್ರ ದಾಟಿ ಪೂರ್ವ ಆಫ್ರಿಕಾದ ಮೊಜಾಂಬಿಕ್, ಮಲಾವಿ, ತಾಂಜಾನಿಯಾ ದೇಶಗಳ ತನಕ ಹೋಗುತ್ತದೆ.

ಮೊದಲು ನಮ್ಮ ರಾಜ್ಯದ ವಿಷಯ. ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮತೋಲನದ ಬಗ್ಗೆ ತನ್ನ ವರದಿಯನ್ನು ಸರಕಾರಕ್ಕೆ ಒಪ್ಪಿಸಿತು. ಕರ್ನಾಟಕದ 114 ತಾಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ, ಆ 39ರಲ್ಲಿ 21 ಅಂದಿನ ಗುಲ್ಬರ್ಗ ವಿಭಾಗದಲ್ಲೇ ಇವೆ ಎಂದು ಸಮಿತಿ ಲೆಕ್ಕ ಕೊಟ್ಟಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳ ಹೆಸರು ಜಗತ್ತಿನಾದ್ಯಂತ ಮೊಳಗುತ್ತಿದ್ದ ವರ್ಷಗಳವು. ರಾಜ್ಯದ ಸರಾಸರಿ ಆದಾಯ ಏರುತ್ತಿತ್ತು. ಸರಾಸರಿಯ ಒಳಗೆ ಯಾರಿದ್ದಾರೆ ಎಂದು ನೋಡುವವರು ಕಡಿಮೆ ಇದ್ದರು. ಇಂದಿಗೂ ತಲಾ ಆದಾಯದ ಪಟ್ಟಿಯಲ್ಲಿ ಬೆಂಗಳೂರು ನಗರದ ಹಿಂದೆಯೇ ನಮ್ಮ ದಕ್ಷಿಣ ಕನ್ನಡ ಇದ್ದರೆ, ಕಟ್ಟಕಡೆಯಲ್ಲಿ ಕಲಬುರಗಿ ಇದೆ. ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವಿನ ಅಂತರ ಎರಡು ದೇಶಗಳ ನಡುವಿನ ಅಂತರದಂತಿದೆ.

ಇದಕ್ಕೆ ಚರಿತ್ರೆಯ ಕಾರಣವೂ ಇದೆ. 1948ರ ಸೆಪ್ಟೆಂಬರ್ 17ರ ತನಕ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಶಾಲೆ, ರಸ್ತೆ, ಆಸ್ಪತ್ರೆ ಎಲ್ಲದರಲ್ಲೂ ಹಿಂದೆ ಉಳಿದೇ ಓಟಕ್ಕಿಳಿಯಿತು. ಸಂವಿಧಾನದ 371(ಜೆ) ವಿಧಿಯ ಮೂಲಕ ವಿಶೇಷ ಸ್ಥಾನಮಾನ ಸಿಕ್ಕಿದ್ದು 2013ರಲ್ಲಿ. ಅನುದಾನ ಬಂದಿದೆ, ಮೀಸಲಾತಿಯಿಂದ ವೈದ್ಯರೂ ಎಂಜಿನಿಯರರೂ ಆದವರಿದ್ದಾರೆ. ಆದರೆ ಹೊಲದಲ್ಲಿರುವವನ ಬದುಕು ನಿಂತಿರುವುದು ವಿಧಿಯ ಮೇಲಲ್ಲ, ತೊಗರಿಯ ಮೇಲೆ.

ತೊಗರಿಯ ಲೆಕ್ಕ

ಕಲಬುರಗಿಗೆ ತೊಗರಿ ಕಣಜ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅಲ್ಲಿನ ಎರೆಭೂಮಿ ಮಳೆಯ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಜೂನ್-ಜುಲೈಯಲ್ಲಿ ಬಿತ್ತಿದ ತೊಗರಿಯ ಬೇರು ಆಳಕ್ಕಿಳಿದು, ಮಳೆ ನಿಂತ ಮೇಲೂ ಆ ತೇವದಲ್ಲೇ ಹೂಬಿಟ್ಟು ಕಾಯಿಕಟ್ಟಿ, ಡಿಸೆಂಬರ್-ಜನವರಿಯಲ್ಲಿ ರಾಶಿಗೆ ಬರುತ್ತದೆ. ಅಫಜಲಪುರದಲ್ಲಿ ಭೀಮಾ ನದಿಯ ದಡದವರು ಕಬ್ಬು ಹಾಕುತ್ತಾರೆ, ಜೇವರ್ಗಿಯಲ್ಲಿ ಹತ್ತಿಯೂ ಇದೆ. ನೀರಿಲ್ಲದ ಹೊಲದವನಿಗೆ ಮಾತ್ರ ತೊಗರಿಯೇ ಗತಿ. ಈ ಬೇಳೆಯ ರುಚಿಗೆ, ಬೇಗ ಬೇಯುವ ಗುಣಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು.

ಬೆಳೆಗೆ ಶತ್ರುಗಳು ಬಹಳ. ನೆಟೆ ರೋಗ ಬಂದರೆ ಹಸಿರಾಗಿ ನಿಂತ ಗಿಡ ಕೆಲವೇ ದಿನಗಳಲ್ಲಿ ಒಣಗಿ ಕಡ್ಡಿಯಾಗುತ್ತದೆ. ನೆಟೆ ತಡೆಯುವ 'ಮಾರುತಿ' ತಳಿ 1980ರ ದಶಕದಲ್ಲಿ ಬಂದಾಗ ಅದು ಈ ಜಿಲ್ಲೆಯ ರೈತರ ಕೈಹಿಡಿದಿತ್ತು. ಮುಂದೆ ಟಿಎಸ್-3ಆರ್ ಮೊದಲಾದ ತಳಿಗಳು ಬಂದವು. ಕಾಯಿಕೊರಕ ಹುಳಕ್ಕೆ ಔಷಧ ಹೊಡೆಯಲು ದುಡ್ಡಿಲ್ಲದ ಕಾಲದಲ್ಲಿ ಗಿಡವನ್ನೇ ಹಿಡಿದು ಅಲ್ಲಾಡಿಸಿ, ಕೆಳಗೆ ಹಿಡಿದ ಬಟ್ಟೆಯಲ್ಲಿ ಹುಳ ಬೀಳಿಸುವುದು ಅಲ್ಲಿನ ಪದ್ಧತಿಯಾಗಿತ್ತು. ಇಷ್ಟೆಲ್ಲ ಗೆದ್ದು ಚೀಲ ತುಂಬಿದವನು ಕಲಬುರಗಿಯ ಗಂಜಿನ ಅಡತಿ ಅಂಗಡಿಗೆ ಬಂದು ನಿಂತಾಗ ಅವನ ಕೈಯಲ್ಲಿಲ್ಲದ್ದು ಒಂದೇ, ದರ.

2014 ಮತ್ತು 2015ರಲ್ಲಿ ಮಳೆ ಕೈಕೊಟ್ಟಿತು. 2015-16ರಲ್ಲಿ ಇಡೀ ದೇಶದ ತೊಗರಿ ಉತ್ಪಾದನೆ ಸುಮಾರು 25 ಲಕ್ಷ ಟನ್. ನಮ್ಮ ದೇಶಕ್ಕೆ ಬೇಕಾಗುವುದು 40 ಲಕ್ಷ ಟನ್ನಿಗೂ ಹೆಚ್ಚು. 2015ರ ಅಕ್ಟೋಬರ್ ಹೊತ್ತಿಗೆ ನಗರಗಳಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ಗೃಹಿಣಿಯರಿಗೆ ನೆನಪಿರಬಹುದು. ರೈತನಿಗೂ ಆ ವರ್ಷ ಕ್ವಿಂಟಲಿಗೆ 10,000 ರೂಪಾಯಿ ದಾಟಿ ಸಿಕ್ಕಿತು. ಬೆಳೆಯೇ ಇಲ್ಲದವನಿಗೆ ಆ ದರದಿಂದ ಏನೂ ಪ್ರಯೋಜನವಾಗಲಿಲ್ಲ ಎನ್ನುವುದು ಬೇರೆ ಮಾತು. 2016ರ ಮುಂಗಾರು ಚೆನ್ನಾಗಿತ್ತು. ಹಿಂದಿನ ವರ್ಷದ ದರ ಕಣ್ಣ ಮುಂದಿತ್ತು. ಹೆಸರು, ಉದ್ದು, ಜೋಳ ಬಿತ್ತುತ್ತಿದ್ದವರೂ ತೊಗರಿ ಬಿತ್ತಿದರು. 2016-17ರಲ್ಲಿ ದೇಶದ ಉತ್ಪಾದನೆ 48 ಲಕ್ಷ ಟನ್ ದಾಟಿತು, ಅಂದರೆ ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಅದೇ ವರ್ಷ ವಿದೇಶದಿಂದ ಬಂದ ಎಲ್ಲ ದ್ವಿದಳ ಧಾನ್ಯಗಳ ಮೊತ್ತ 66 ಲಕ್ಷ ಟನ್. ನವೆಂಬರಿನ ನೋಟು ರದ್ದತಿಯಿಂದ ವ್ಯಾಪಾರಿಗಳ ಕೈಯಲ್ಲಿ ನಗದಿರಲಿಲ್ಲ. 2017ರ ಆರಂಭದಲ್ಲಿ ರಾಶಿ ಮುಗಿಸಿ ಬಂದ ರೈತನಿಗೆ ಮಾರುಕಟ್ಟೆ ಹೇಳಿದ ದರ 4,000 ರೂಪಾಯಿಯ ಆಸುಪಾಸು.

ಒಂದು ಸಣ್ಣ ಲೆಕ್ಕ ಹಾಕೋಣ. ಐದು ಎಕರೆಯವನು ಎಕರೆಗೆ ನಾಲ್ಕು ಕ್ವಿಂಟಲ್ ತೆಗೆದನೆಂದು ಇಟ್ಟುಕೊಳ್ಳಿ. 20 ಕ್ವಿಂಟಲಿಗೆ ಹಿಂದಿನ ವರ್ಷದ ದರದಲ್ಲಿ 2 ಲಕ್ಷ ರೂಪಾಯಿ, ಈಗ 80,000. ಬೀಜ, ಗೊಬ್ಬರ, ಔಷಧ, ಕೂಲಿ ಕಳೆದರೆ ಉಳಿಯುವುದು ವರ್ಷವಿಡೀ ಮನೆ ನಡೆಸಲು ಸಾಲದು. ಕೇಂದ್ರದ ಬೆಂಬಲ ಬೆಲೆ 5,050 ಇತ್ತು, ಅದಕ್ಕೆ ರಾಜ್ಯ ಸರಕಾರ 450 ಸೇರಿಸಿ 5,500 ಮಾಡಿತು. ಆದರೆ ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳ ಸಾಲು, ಗೋಣಿಚೀಲಗಳ ಕೊರತೆ, ಹಣ ಬರಲು ವಿಳಂಬ. ಸಾಲದವನು ಮನೆಬಾಗಿಲಲ್ಲಿ ನಿಂತಿರುವಾಗ ಕಾಯಲು ಯಾರಿಗೆ ಸಾಧ್ಯ? ಅಂಥವರು ಸಿಕ್ಕ ದರಕ್ಕೆ ಕೊಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಗುಳೆ ಹೋದರು. ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರು. ಕೆಲವರು ನಮ್ಮ ಕಡೆಗೆ.

ಇಲ್ಲಿ ಒಂದು ವಿಷಯವನ್ನು ನಾವು ಗಮನಿಸಬೇಕು. ಬೇಳೆಕಾಳುಗಳ ರಫ್ತನ್ನು ಸರಕಾರ 2006ರಲ್ಲೇ ನಿಷೇಧಿಸಿತ್ತು. ತೊಗರಿಗೆ ಆ ನಿಷೇಧ ತೆರವಾದದ್ದು 2017ರ ಸೆಪ್ಟೆಂಬರಿನಲ್ಲಿ. ಹೊರಗಿನ ಬೇಳೆ ಒಳಗೆ ಬರಲು ಬಾಗಿಲು ತೆರೆದಿತ್ತು, ಒಳಗಿನ ಬೇಳೆ ಹೊರಗೆ ಹೋಗಲು ಮುಚ್ಚಿತ್ತು. ಬೆಲೆ ಏರಿದಾಗ ಸರಕಾರ ದಾಸ್ತಾನು ಮಿತಿ ಹೇರಿ ಇಳಿಸುತ್ತದೆ. ಇಳಿದಾಗ ರೈತನೇ ತಾಳಿಕೊಳ್ಳಬೇಕಾಗುತ್ತದೆ. ಅರವಿಂದ್ ಸುಬ್ರಮಣಿಯನ್ ಸಮಿತಿ 2016ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿ, 2017ರ ಮುಂಗಾರಿಗೆ ತೊಗರಿಯ ಬೆಂಬಲ ಬೆಲೆ 6,000 ಆಗಬೇಕು, ದಾಸ್ತಾನು ಮತ್ತು ರಫ್ತಿನ ನಿರ್ಬಂಧ ತೆಗೆಯಬೇಕು ಎಂದು ಹೇಳಿತ್ತು. ಘೋಷಣೆಯಾದದ್ದು 5,450. ಪೇಟೆಯವರ ತಟ್ಟೆ ಅಗ್ಗವಾಗಿರಲೆಂದು ಹಳ್ಳಿಯವನು ಸಬ್ಸಿಡಿ ಕೊಡುತ್ತಿದ್ದಾನೆ ಎಂದರೆ ಅತಿಶಯೋಕ್ತಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಸಮುದ್ರದ ಆಚೆ

ಇನ್ನು ಮೊಜಾಂಬಿಕ್. ನಮ್ಮ ಓದುಗರಿಗೆ ಇದು ಪೂರ್ತಿ ಅಪರಿಚಿತ ನಾಡಲ್ಲ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಗೋವಾಕ್ಕೆ ಬರುವ ದಾರಿಯಲ್ಲಿ 1541-42ರಲ್ಲಿ ತಿಂಗಳುಗಟ್ಟಲೆ ತಂಗಿ ರೋಗಿಗಳ ಸೇವೆ ಮಾಡಿದ್ದು ಮೊಜಾಂಬಿಕ್ ದ್ವೀಪದಲ್ಲೇ. ಗೋವಾದಂತೆ ಅದೂ ಪೋರ್ಚುಗೀಸರ ಕೈಯಲ್ಲಿತ್ತು, 1975ರಲ್ಲಿ ಸ್ವತಂತ್ರವಾಯಿತು. ಆಮೇಲೆ ನಡೆದ ಹದಿನಾರು ವರ್ಷಗಳ ಅಂತರ್ಯುದ್ಧ ಕೊನೆಗೊಂಡದ್ದು 1992ರ ಅಕ್ಟೋಬರ್ 4ರಂದು, ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ, ರೋಮ್ ನಗರದಲ್ಲಿ. ಕಥೋಲಿಕ ಶ್ರೀಸಾಮಾನ್ಯರ ಸಂತ ಎಜಿದಿಯೊ ಸಮುದಾಯ ಎರಡೂ ಪಕ್ಷಗಳನ್ನು ಮೇಜಿನ ಮುಂದೆ ಕೂರಿಸಿ ಆ ಒಪ್ಪಂದ ಮಾಡಿಸಿತ್ತು.

ಶಾಂತಿ ಬಂದ ಮೇಲೆ ಆರ್ಥಿಕತೆ ಬೆಳೆಯಿತು. ಸುಮಾರು ಎರಡು ದಶಕ ವರ್ಷಕ್ಕೆ ಸರಾಸರಿ ಶೇಕಡಾ 7ಕ್ಕೂ ಮಿಕ್ಕಿದ ಬೆಳವಣಿಗೆ. ಕಲ್ಲಿದ್ದಲು ಸಿಕ್ಕಿತು, ಉತ್ತರದ ಸಮುದ್ರದಲ್ಲಿ ಅನಿಲ ಸಿಕ್ಕಿತು. ಆ ಅನಿಲ ಕ್ಷೇತ್ರವೊಂದರಲ್ಲಿ ನಮ್ಮ ಸಾರ್ವಜನಿಕ ರಂಗದ ತೈಲ ಕಂಪೆನಿಗಳಿಗೂ ಶೇಕಡಾ 30 ಪಾಲಿದೆ. ಆದರೆ ಬಹುಪಾಲು ಜನ ಕೈಗುದ್ದಲಿಯಿಂದಲೇ ಸಣ್ಣ ತುಂಡು ಭೂಮಿ ಅಗೆಯುತ್ತಾ ಉಳಿದರು. ಕರ್ನಾಟಕದ ಸರಾಸರಿಯೊಳಗೆ ಜೇವರ್ಗಿ ಹೇಗೆ ಕಾಣೆಯಾಯಿತೋ ಮೊಜಾಂಬಿಕಿನ ಸರಾಸರಿಯೊಳಗೆ ಅವರೂ ಹಾಗೆಯೇ ಕಾಣೆಯಾದರು.

2013-14ರಲ್ಲಿ ಅಲ್ಲಿನ ಸರಕಾರದ ಖಾತರಿಯ ಮೇಲೆ ಮೂರು ಕಂಪೆನಿಗಳು ಟ್ಯೂನಾ ಮೀನುಗಾರಿಕೆ ದೋಣಿ, ಕರಾವಳಿ ಕಾವಲು ಎಂದೆಲ್ಲ ಹೇಳಿ ವಿದೇಶಿ ಬ್ಯಾಂಕುಗಳಿಂದ ಸುಮಾರು 200 ಕೋಟಿ ಡಾಲರ್ ಸಾಲ ಎತ್ತಿದವು. ಅದರ ದೊಡ್ಡ ಪಾಲು ದೇಶದ ಸಂಸತ್ತಿಗೇ ಗೊತ್ತಿರಲಿಲ್ಲ. 2016ರ ಏಪ್ರಿಲಿನಲ್ಲಿ ಗುಟ್ಟು ರಟ್ಟಾಯಿತು. ಅಂತಾರಾಷ್ಟ್ರೀಯ ಹಣಕಾಸು ನಿಧಿ ನೆರವು ನಿಲ್ಲಿಸಿತು, ದಾನಿ ರಾಷ್ಟ್ರಗಳೂ ಕೈ ಹಿಂತೆಗೆದವು, ಅಲ್ಲಿನ ನಾಣ್ಯವಾದ ಮೆಟಿಕಲ್ ಕುಸಿಯಿತು, 2017ರ ಜನವರಿಯಲ್ಲಿ ದೇಶ ಸಾಲದ ಕಂತು ತಪ್ಪಿಸಿತು. ಶೇಕಡಾ 7ರಲ್ಲಿದ್ದ ಬೆಳವಣಿಗೆ 4ರ ಕೆಳಗೆ ಬಿತ್ತು. ಅಂದಿನ ಹಣಕಾಸು ಮಂತ್ರಿ ಮಾನುಯೆಲ್ ಚಾಂಗ್ 2024ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ದೋಷಿ ಎಂದು ತೀರ್ಮಾನವಾಯಿತು. 2000ದ ಜೂಬಿಲಿ ವರ್ಷದ ಸಂದರ್ಭದಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಬಡ ದೇಶಗಳ ಸಾಲಮನ್ನಾಕ್ಕೆ ಕರೆ ಕೊಟ್ಟದ್ದು, ನಮ್ಮ ಧರ್ಮಕೇಂದ್ರಗಳಲ್ಲೂ ಅದು ಪ್ರಸ್ತಾಪವಾದದ್ದು ಹಿರಿಯರಿಗೆ ನೆನಪಿರುತ್ತದೆ. ಆ ಕಾಲದಲ್ಲಿ ಸಾಲದ ಹೊರೆ ಇಳಿಸಿಕೊಂಡ ಮೊದಲ ದೇಶಗಳಲ್ಲಿ ಮೊಜಾಂಬಿಕ್ ಒಂದಾಗಿತ್ತು. ಮನ್ನಾ ಮಾಡಿಸಿಕೊಂಡ ಜನರ ಬೆನ್ನ ಮೇಲೆ ಅವರದೇ ನಾಯಕರು ಹದಿನೈದು ವರ್ಷಗಳೊಳಗೆ ಮತ್ತೆ ಹೊರೆ ಹೇರಿದರು.

ಈ ಕಷ್ಟದ ನಡುವೆ 2016ರ ಜುಲೈಯಲ್ಲಿ ಒಂದು ಒಳ್ಳೆಯ ಸುದ್ದಿ ಬಂತು. ಪ್ರಧಾನಿ ನರೇಂದ್ರ ಮೋದಿಯವರು ಮಾಪುಟೊ ನಗರಕ್ಕೆ ಭೇಟಿ ನೀಡಿದಾಗ ಭಾರತ ಮತ್ತು ಮೊಜಾಂಬಿಕ್ ನಡುವೆ ಬೇಳೆಕಾಳು ಒಪ್ಪಂದವಾಯಿತು. ಮೊದಲ ವರ್ಷ 1 ಲಕ್ಷ ಟನ್, ವರ್ಷಕ್ಕೆ 25,000 ಟನ್ ಹೆಚ್ಚಿಸುತ್ತಾ 2020-21ಕ್ಕೆ 2 ಲಕ್ಷ ಟನ್ ತನಕ. ದಿಲ್ಲಿಯ ಕೃಷಿ ಅಧಿಕಾರಿಗಳಿಗೆ ಬೇಳೆಯ ಚಿಂತೆ, ಅವರಿಗೆ ಡಾಲರಿನ ಚಿಂತೆ; ಇಬ್ಬರಿಗೂ ಅನುಕೂಲ. ಅಲ್ಲಿ ಬಿತ್ತನೆ ನಮ್ಮ ಚಳಿಗಾಲದ ಆರಂಭದಲ್ಲಿ, ಕೊಯ್ಲು ಜುಲೈಯಿಂದ ಸೆಪ್ಟೆಂಬರ್. ಒಪ್ಪಂದದ ಭರವಸೆಯಲ್ಲಿ ಝಾಂಬೇಜಿಯಾ, ನಂಪುಲಾ ಪ್ರಾಂತ್ಯಗಳ ರೈತರು ಹೆಚ್ಚು ಹೆಚ್ಚು ತೊಗರಿ ಹಾಕಿದರು. ಅವರ ಬೆಳೆ ಕಣಕ್ಕೆ ಬರುತ್ತಿದ್ದ ಹೊತ್ತಿಗೆ ಸರಿಯಾಗಿ, 2017ರ ಆಗಸ್ಟ್ 5ರಂದು, ಭಾರತ ತೊಗರಿ ಆಮದನ್ನು ವರ್ಷಕ್ಕೆ 2 ಲಕ್ಷ ಟನ್ನಿಗೆ ಸೀಮಿತಗೊಳಿಸಿತು. ಸರಕಾರಗಳ ನಡುವಿನ ಒಪ್ಪಂದದ ಪ್ರಮಾಣಕ್ಕೆ ಈ ಮಿತಿ ಅನ್ವಯವಾಗದು ಎಂದು ಆದೇಶದಲ್ಲಿತ್ತು, ನಿಜ. ಆದರೆ ಅಲ್ಲಿನ ಬೆಳೆ ಒಪ್ಪಂದದ ಪ್ರಮಾಣಕ್ಕಿಂತ ಎಷ್ಟೋ ಹೆಚ್ಚಿತ್ತು, ಕೊಳ್ಳುವ ವ್ಯಾಪಾರಿಗಳು ಹಿಂದೆ ಸರಿದರು. ಹಿಂದಿನ ವರ್ಷದ ದರದ ಒಂದು ಸಣ್ಣ ಪಾಲಿಗೂ ತೊಗರಿ ಹೋಗಲಿಲ್ಲ. ತಾಂಜಾನಿಯಾ, ಮಲಾವಿಗಳಲ್ಲೂ ಇದೇ ಕಥೆ.

ತಿಂದು ಮುಗಿಸಬಹುದಿತ್ತಲ್ಲ ಎನ್ನಬಹುದು. ಮಲಾವಿಯಲ್ಲಿ ಇದಕ್ಕೆ 'ನಂದೋಲೊ' ಎನ್ನುತ್ತಾರೆ, ತಾಂಜಾನಿಯಾದಲ್ಲಿ 'ಎಂಬಾಜಿ'. ಅಲ್ಲಿನ ಕರಾವಳಿಯವರು ಇಡೀ ಕಾಳನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಬೆಳಗಿನ ತಿಂಡಿಗೆ ಉಣ್ಣುತ್ತಾರೆ. ನಮ್ಮ ಅಡುಗೆಮನೆಗೆ ಅದು ಅಷ್ಟೇನೂ ದೂರವಲ್ಲ. ಆದರೆ ಬೇಳೆ ಒಡೆದು ದಿನವೂ ಸಾರು ಮಾಡುವ ನೂರು ಕೋಟಿ ಜನರ ಮಾರುಕಟ್ಟೆ ಇರುವುದು ಭಾರತದಲ್ಲಿ ಮಾತ್ರ. ಒಬ್ಬನೇ ಗಿರಾಕಿಯನ್ನು ನಂಬಿದ ಅಂಗಡಿಯ ಸ್ಥಿತಿ ಅವರದು.

ಹೀಗೆ ಒಂದೇ ವರ್ಷ, 2017ರಲ್ಲಿ, ಜನವರಿಯಲ್ಲಿ ಆಳಂದದ ರೈತನೂ ಆಗಸ್ಟಿನಲ್ಲಿ ನಂಪುಲಾದ ರೈತನೂ ಒಂದೇ ಬೆಳೆಯಿಂದ ಸೋತರು. ಇಬ್ಬರೂ ಹಿಂದಿನ ವರ್ಷದ ದರ ನೋಡಿ ಬಿತ್ತಿದ್ದರು. ದರ ಏರಿದಾಗ ಎಲ್ಲರೂ ಬಿತ್ತುತ್ತಾರೆ, ಬೆಳೆ ಹೆಚ್ಚಿ ದರ ಬೀಳುತ್ತದೆ. ಬಿದ್ದಾಗ ಕೈಬಿಡುತ್ತಾರೆ, ಕೊರತೆಯಾಗಿ ದರ ಏರುತ್ತದೆ. ಈ ಉಯ್ಯಾಲೆ ತೊಗರಿಗೆ ಮಾತ್ರವಲ್ಲ, ಈರುಳ್ಳಿಗೂ ಟೊಮೆಟೊಗೂ ಇದೆ. ತೊಗರಿಯಲ್ಲಿ ವ್ಯತ್ಯಾಸವೆಂದರೆ ಉಯ್ಯಾಲೆಯ ಒಂದು ಹಗ್ಗ ಸರಕಾರದ ಕೈಯಲ್ಲಿದೆ. ಆಫ್ರಿಕಾದ ತೊಗರಿ ನಮ್ಮ ಬಂದರುಗಳಿಗೆ ಬರುವುದು ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ, ಅಂದರೆ ಕಲಬುರಗಿಯ ರಾಶಿಗೆ ಸ್ವಲ್ಪ ಮುಂಚೆ. 2008ರಿಂದ ಅತಿ ಹಿಂದುಳಿದ ರಾಷ್ಟ್ರಗಳಿಗೆ ಸುಂಕದ ರಿಯಾಯಿತಿ ಇರುವುದರಿಂದ 2017ರ ಮಾರ್ಚಿನಲ್ಲಿ ಹಾಕಿದ ಶೇಕಡಾ 10ರ ಸುಂಕವೂ ಅವರಿಗೆ ತಾಗಲಿಲ್ಲ. ಅವರಿಗೆ ಸುಂಕ ಹಾಕಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ನಮಗಿಂತ ಬಡವರಿಗೆ ಕೊಟ್ಟ ರಿಯಾಯಿತಿ ನ್ಯಾಯವಾದದ್ದೇ. ಎಷ್ಟು ಟನ್, ಯಾವ ತಿಂಗಳಲ್ಲಿ ಎಂಬುದನ್ನು ಬಿತ್ತನೆಗೆ ಮೊದಲೇ ಎರಡೂ ಕಡೆಯವರಿಗೆ ತಿಳಿಸಿ, ಆಮೇಲೆ ಆ ಮಾತಿಗೆ ನಿಲ್ಲುವುದು ಕಷ್ಟದ ಕೆಲಸವೇನಲ್ಲ.

ಗೇರುಬೀಜದ ನೆನಪು

ಇದು ಬಯಲುಸೀಮೆಯವರ ಸಂಗತಿ, ನಮಗೇನು ಎನ್ನುವವರು ಗೇರುಬೀಜವನ್ನು ನೆನಪಿಸಿಕೊಳ್ಳಬೇಕು. ಮಂಗಳೂರಿನ ಗೇರುಬೀಜ ಕಾರ್ಖಾನೆಗಳಲ್ಲಿ ನಮ್ಮ ಧರ್ಮಕೇಂದ್ರಗಳ ಎಷ್ಟೋ ತಾಯಂದಿರು ದುಡಿದು ಮಕ್ಕಳನ್ನು ಓದಿಸಿದರು. ಅವರು ಸುಲಿದ ಬೀಜದ ದೊಡ್ಡ ಪಾಲು ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತಿತ್ತು. ಮೊಜಾಂಬಿಕಿನಲ್ಲೂ ಗೇರುಬೀಜ ಕಾರ್ಖಾನೆಗಳಿದ್ದವು, ಅಲ್ಲೂ ಹೆಂಗಸರೇ ಹೆಚ್ಚಾಗಿ ದುಡಿಯುತ್ತಿದ್ದರು. 1995ರ ನಂತರ ವಿಶ್ವಬ್ಯಾಂಕಿನ ಷರತ್ತಿನಂತೆ ಕಚ್ಚಾ ಬೀಜದ ಮೇಲಿನ ರಫ್ತು ಸುಂಕ ಇಳಿಸಬೇಕಾಯಿತು. ರೈತನಿಗೆ ಒಳ್ಳೆಯ ದರ ಸಿಗುತ್ತದೆ ಎಂಬುದು ಬ್ಯಾಂಕಿನ ವಾದ. ಕಚ್ಚಾ ಬೀಜ ಭಾರತಕ್ಕೆ ಹರಿಯಿತು, ಅಲ್ಲಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಸಾವಿರಾರು ಮಂದಿ ಬೀದಿಗೆ ಬಿದ್ದರು. ಲಾಭದ ಹೆಚ್ಚಿನ ಪಾಲು ರೈತನಿಗಲ್ಲ, ನಡುವಿನ ವ್ಯಾಪಾರಿಗೆ ಹೋಯಿತು ಎಂದು ಮುಂದೆ ಅರ್ಥಶಾಸ್ತ್ರಜ್ಞರು ತೋರಿಸಿದರು. ನಮ್ಮ ಊರಿನ ಕೆಲಸ ಉಳಿದದ್ದರ ಇನ್ನೊಂದು ಮಗ್ಗುಲು ಇದು. ಇದರಲ್ಲಿ ನಮ್ಮ ತಾಯಂದಿರ ತಪ್ಪೇನೂ ಇರಲಿಲ್ಲ.

ಜಗದ್ಗುರು ಆರನೇ ಪೌಲರು 1967ರಲ್ಲಿ 'ಪೊಪ್ಯುಲೋರುಮ್ ಪ್ರೊಗ್ರೆಸ್ಸಿಯೊ' ಎಂಬ ವಿಶ್ವಪರಿಪತ್ರ ಬರೆದಾಗ ಮುಖ್ಯವಾಗಿ ಇಂಥದ್ದನ್ನೇ ಎತ್ತಿದ್ದರು. ಕಚ್ಚಾ ಮಾಲು ಮಾರುವ ಬಡ ದೇಶಗಳಿಗೆ ದರದ ಏರಿಳಿತವೇ ಶಾಪ, ಬಲಾಢ್ಯ ಮತ್ತು ದುರ್ಬಲರ ನಡುವೆ ಮುಕ್ತ ಮಾರುಕಟ್ಟೆಯೊಂದೇ ನ್ಯಾಯ ಕೊಡಲಾರದು ಎಂಬುದು ಅವರ ವಾದದ ಸಾರ. ಗುರುಮಠದಲ್ಲಿ ಇದನ್ನು ಓದುವಾಗ ನಾವೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಶ್ರೀಮಂತ ಯೂರೋಪ್ ಮತ್ತು ಬಡ ಭಾರತದ ಚಿತ್ರ. ತೊಗರಿಯ ವಿಷಯದಲ್ಲಿ ಬಲಾಢ್ಯ ಗಿರಾಕಿ ಭಾರತವೇ. ದಿಲ್ಲಿಯ ಒಂದು ಅಧಿಸೂಚನೆ ಮೂರು ದೇಶಗಳ ಹಳ್ಳಿಗಳನ್ನು ಅಲ್ಲಾಡಿಸಬಲ್ಲದು. 2008ರ ಜಾಗತಿಕ ಕುಸಿತದ ಬೆನ್ನಿಗೆ, 2009ರಲ್ಲಿ, ಹದಿನಾರನೇ ಬೆನೆಡಿಕ್ಟರು 'ಕಾರಿತಾಸ್ ಇನ್ ವೆರಿತಾತೆ' ಬರೆದು ಈ ಬೋಧನೆಯನ್ನು ಮುಂದುವರಿಸಿದರು; ಜಗದ್ಗುರು ಫ್ರಾನ್ಸಿಸರು 2019ರ ಸೆಪ್ಟೆಂಬರಿನಲ್ಲಿ ಮೊಜಾಂಬಿಕಿಗೇ ಹೋದರು, ಇದೈ ಚಂಡಮಾರುತ ಬೈರಾ ನಗರವನ್ನು ನುಚ್ಚುನೂರು ಮಾಡಿದ ಆರು ತಿಂಗಳಿಗೆ.

ಆನಂತರದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಉತ್ಪಾದನೆ ಮತ್ತೆ ಕುಸಿದು 2018-19ರಲ್ಲಿ 33 ಲಕ್ಷ ಟನ್ನಿಗೆ ಇಳಿಯಿತು. 2021ರ ಮೇ ತಿಂಗಳಲ್ಲಿ ಆಮದು ಮತ್ತೆ ಮುಕ್ತವಾಯಿತು. ಅದೇ ವರ್ಷ ಮಲಾವಿಯೊಂದಿಗೆ ವರ್ಷಕ್ಕೆ 50,000 ಟನ್, ಮ್ಯಾನ್ಮಾರ್ ಜೊತೆ 1 ಲಕ್ಷ ಟನ್ ಒಪ್ಪಂದವಾಯಿತು. ಮುಕ್ತ ಆಮದನ್ನು ವರ್ಷದಿಂದ ವರ್ಷಕ್ಕೆ ವಿಸ್ತರಿಸುತ್ತಾ ಬರಲಾಯಿತು. ಮಲಾವಿ 2023ರ ನವೆಂಬರಿನಲ್ಲಿ ತನ್ನ ನಾಣ್ಯದ ಮೌಲ್ಯವನ್ನು ಶೇಕಡಾ 44ರಷ್ಟು ಇಳಿಸಬೇಕಾಯಿತು. ಕಲಬುರಗಿಯಲ್ಲಿ 2022ರ ಬೆಳೆಯನ್ನು ನೆಟೆ ರೋಗ ಹೊಡೆಯಿತು, 2023-24ರಲ್ಲಿ ದರ ಮತ್ತೆ 10,000 ದಾಟಿತು, ಮತ್ತೆ ಎಲ್ಲರೂ ಬಿತ್ತಿದರು. 2025ರ ಜನವರಿಯಲ್ಲಿ ರಾಶಿಯಾದಾಗ ದರ 7,550ರ ಬೆಂಬಲ ಬೆಲೆಗಿಂತ ಕೆಳಗೆ ಜಾರಿತ್ತು. ರಾಜ್ಯ ಸರಕಾರ ಮತ್ತೆ 450 ರೂಪಾಯಿ ಸೇರಿಸಿ 8,000 ಘೋಷಿಸಿತು. ಎಂಟು ವರ್ಷಗಳ ಹಿಂದಿನ ನಾಟಕ, ಅದೇ 450ರ ಅಂಕೆಯೊಂದಿಗೆ.

2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಮೊದಲ ಧರ್ಮಾಧ್ಯಕ್ಷರಾಗಿ ಪೂಜ್ಯ ರಾಬರ್ಟ್ ಮೈಕಲ್ ಮಿರಾಂದಾರವರು ಹೋದಾಗಿನಿಂದ ನಮ್ಮ ಕರಾವಳಿಯ ಧರ್ಮಪ್ರಾಂತ್ಯಗಳಿಗೂ ಆ ನಾಡಿಗೂ ಸಂಬಂಧ ಹತ್ತಿರವಾಗಿದೆ. ನಮ್ಮ ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯಗಳ ಅಡುಗೆಮನೆಗಳಿಗೆ ವರ್ಷಕ್ಕೆ ಎಷ್ಟು ಕ್ವಿಂಟಲ್ ಬೇಳೆ ಬೇಕು ಎಂದು ಒಮ್ಮೆ ಲೆಕ್ಕ ಹಾಕಿ, ಅದನ್ನು ರಾಶಿಯ ಕಾಲದಲ್ಲೇ ಅಲ್ಲಿನ ರೈತ ಉತ್ಪಾದಕರ ಸಂಘಗಳಿಂದ ನೇರವಾಗಿ ಕೊಳ್ಳಬಹುದೇ ಎಂದು ಸಂಸ್ಥೆಗಳ ಮುಖ್ಯಸ್ಥರು ವಿಚಾರಿಸಬಹುದು. ಇದರಿಂದ ಗಂಜಿನ ದರ ಬದಲಾಗದು. ಕೆಲವು ಮನೆಗಳವರು ಫೆಬ್ರವರಿಯಲ್ಲಿ ಬಸ್ಸು ಹತ್ತುವುದು ತಪ್ಪಬಹುದು. ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ಶೆಡ್ ಹಾಕಿಕೊಂಡಿರುವ ಕಾರ್ಮಿಕರ ಮಕ್ಕಳು ಈ ತಿಂಗಳುಗಳಲ್ಲಿ ಶಾಲೆಯಿಂದ ಹೊರಗುಳಿಯುತ್ತಾರೆ. ವಾಳೆಯ ಗುರಿಕಾರರು ಅವರ ಪಟ್ಟಿ ಮಾಡಿ ಹತ್ತಿರದ ಶಾಲೆಗೆ ಕೊಟ್ಟರೆ ವರ್ಗಾವಣೆ ಪತ್ರವಿಲ್ಲದೆಯೂ ತರಗತಿಗೆ ಸೇರಿಸಿಕೊಳ್ಳಲು ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಅವಕಾಶವಿದೆ.

2025ರ ಸೆಪ್ಟೆಂಬರ್ ಕೊನೆಯಲ್ಲಿ ಮಹಾರಾಷ್ಟ್ರದಿಂದ ಬಿಟ್ಟ ನೀರು ಭೀಮಾ ನದಿಯನ್ನು ತುಂಬಿ ಅಫಜಲಪುರ, ಜೇವರ್ಗಿಯ ದಡದ ಹೊಲಗಳ ಮೇಲೆ ಹರಿಯಿತು. 2020ರ ಅಕ್ಟೋಬರಿನಲ್ಲೂ ಹೀಗೆಯೇ ಆಗಿತ್ತು. ನೀರು ನಿಂತ ಎರೆಭೂಮಿಯಲ್ಲಿ ತೊಗರಿಯ ಬೇರು ಕೊಳೆಯುತ್ತದೆ. ಆ ವರ್ಷದ ಬೆಂಬಲ ಬೆಲೆ 8,000 ಎಂದು ಬಿತ್ತನೆಯ ಹೊತ್ತಿಗೇ ಘೋಷಣೆಯಾಗಿತ್ತು.